ಆಮ್ರಪಾಲಿಯ ಕರಿ ತಗಡು

ಆಮ್ರಪಾಲಿಯ ಬಗ್ಗೆ ನಾನು ಬರೆಯಲು ಕೂತಿದ್ದೇನೆ ಎಂದು ಗೊತ್ತಾದರೆ ನನ್ನ ಹೆಂಡತಿ ಪೂನಮ್ ಬಿದ್ದು ಬಿದ್ದು ನಗುತ್ತಾಳೆ. ಆ ಹೆಂಗಸಿನ ಹೆಸರು ಕಿವಿಗೆ ಬಿದ್ದರೆ ನನಗೆ ತಿಂದ ರೊಟ್ಟಿ ಅರಗುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಸುತ್ತಿ ಬಳಸಿ ಹೇಳುವುದೇಕೆ, ನನಗೆ ಆಮ್ರಪಾಲಿಯನ್ನು ಕಂಡರೆ ಹೊಟ್ಟೆಕಿಚ್ಚು. ಇಪ್ಪತ್ತೈದು ವರ್ಷದ ಹಳೆಯ ಹೊಟ್ಟೆಕಿಚ್ಚು. ಆದರೂ ಆಕೆಯ ಬಗ್ಗೆ ನಾನೇ ಬರೆಯಬೇಕು. ಊರಲ್ಲಿ ಬೇರೆ ಯಾರ ಕೈಗೆ ಪೆನ್ನು ಕೊಟ್ಟರೂ ಬರೀ ಹೊಗಳಿ ಹಾಳು ಮಾಡುತ್ತಾರೆ.

ಗೋಕಾಕದಿಂದ ಮಮದಾಪುರ ದಾಟಿ, ಕಬ್ಬಿನ ಹೊಲಗಳ ನಡುವಿನ ದಾರಿ ಹಿಡಿದು ಇನ್ನಷ್ಟು ಒಳಗೆ ಬಂದರೆ ನಮ್ಮೂರು. ಅಲ್ಲಿಯ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕ ನಾನು, ಹೆಸರು ಅಜಿತ. ನಾಲ್ಕು ಮೆಟ್ಟಿಲು ಹತ್ತಿದರೆ ಎರಡು ಕಪಾಟು, ಮೂರು ದಿನಪತ್ರಿಕೆ, ಸರ್ಕಾರ ಕೊಟ್ಟ ಎರಡು ಟ್ಯಾಬು, ಒಂದು ಫ್ಯಾನು ಮತ್ತು ಅದರ ಕೆಳಗೆ ನಾನು. ಎದುರಿಗೆ, ರಸ್ತೆಯ ಆ ಬದಿಗೆ, ಆಮ್ರಪಾಲಿಯ ಹಿಟ್ಟಿನ ಗಿರಣಿ. ನನ್ನ ಕುರ್ಚಿಯಲ್ಲಿ ಕೂತರೆ ಬೇಡವೆಂದರೂ ಅದೇ ಕಾಣುತ್ತದೆ.

ಆಕೆಯ ತವರು ಯಮಕನಮರಡಿ. ನಾನೂ ಸೋದರಮಾವನ ಮನೆಯಲ್ಲಿದ್ದು ಅಲ್ಲಿಯೇ ಹೈಸ್ಕೂಲು ಓದಿದವನು. ಒಂದೇ ವರ್ಗ, ಒಂದೇ ವರ್ಷ. ಪ್ರತಿ ಪರೀಕ್ಷೆಯಲ್ಲೂ ನಾನು ಮೊದಲು. ಆಮ್ರಪಾಲಿ ಏಳನೆಯವಳೋ ಎಂಟನೆಯವಳೋ, ಯಾರು ನೆನಪಿಟ್ಟಿದ್ದಾರೆ! ಆಕೆಯ ಅಪ್ಪ ಹೆದ್ದಾರಿಯ ಮೇಲೆ ನಿಲ್ಲುವ ಲಾರಿಗಳಿಗೆ ಮಾಲು ಏರಿಸುವ ಹಮಾಲ. ದೂರ ದೂರದ ಊರುಗಳಿಂದ ಬಂದ ಲಾರಿಗಳಲ್ಲಿ ಬಿದ್ದ ಹಳೆಯ ಪತ್ರಿಕೆಗಳನ್ನು ಮಗಳಿಗೆ ತಂದು ಕೊಡುತ್ತಿದ್ದ. ಹಿಂದಿ, ಮರಾಠಿ, ತೆಲುಗು, ಗುಜರಾತಿ, ಯಾವ ಭಾಷೆಯಾದರೂ ಸರಿ. ಆಕೆ ಅದರೊಳಗಿನ ಚಿತ್ರಗಳನ್ನು ಕತ್ತರಿಸಿ ಒಂದು ಹಳೆಯ ನೋಟುಬುಕ್ಕಿಗೆ ಅಂಟಿಸುತ್ತಿದ್ದಳು. ಅದರ ಅರ್ಥವೇನೆಂದು ಚಹಾದಂಗಡಿಯಲ್ಲಿ ಕೂತ ಚಾಲಕರನ್ನೇ ಕೇಳಿ ಕೆಳಗೆ ಎರಡು ಸಾಲು ಬರೆಯುತ್ತಿದ್ದಳು. ಮಧ್ಯಾಹ್ನದ ಸುಟ್ಟಿಯಲ್ಲಿ ಇಡೀ ವರ್ಗ ಆ ನೋಟುಬುಕ್ಕಿನ ಸುತ್ತ ಗುಂಪುಗೂಡುತ್ತಿತ್ತು. ಮೊದಲ ಸ್ಥಾನದ ನಾನು ಒಬ್ಬನೇ ಕೂತು ಬುತ್ತಿ ಬಿಚ್ಚುತ್ತಿದ್ದೆ. ಅಂದಿನಿಂದ ಸುರುವಾದದ್ದು ಇದು.

ಹತ್ತನೆಯದು ಮುಗಿಯುತ್ತಲೇ ಆಕೆಯ ಮದುವೆಯಾಯಿತು. ಅದೂ ನಮ್ಮೂರಿನ, ನಮ್ಮದೇ ಓಣಿಯ ಕೇದಾರಿಯ ಜೊತೆ. ಕೇದಾರಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು, ಮಾತು ಕಡಿಮೆ. ನಾನು ಗೋಕಾಕದಲ್ಲಿ ಬಿಎ ಮಾಡಿ ಬರುವಷ್ಟರಲ್ಲಿ ಆಕೆ ಅತ್ತೆ ಉದ್ದವ್ವನ ಜೊತೆ ಗಿರಣಿಯಲ್ಲಿ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಬೌದ್ಧರ ಓಣಿಯವರ ಗಿರಣಿಗೆ ಯಾರು ಜೋಳ ತರುತ್ತಾರೆ ಎಂದು ಆಗ ನಕ್ಕವರಿದ್ದರು. ಈಗ ಸಾಲಿನಲ್ಲಿ ಮೊದಲ ಡಬ್ಬಿ ಹಾಗೆ ನಕ್ಕವರ ಮನೆಯದೇ ಇರುತ್ತದೆ. ಓಣಿಯವನಾಗಿ ನನಗೆ ಅದರ ಬಗ್ಗೆ ಹೆಮ್ಮೆ ಇತ್ತು, ಸುಳ್ಳು ಹೇಳುವುದಿಲ್ಲ. ಆ ತಗಡು ಬರುವವರೆಗೆ ಇತ್ತು.

ತಗಡು ಬಂದದ್ದು ಕೊರೊನಾ ವರ್ಷದಲ್ಲಿ. ಗಿರಣಿಯ ಮುಂದೆ ಜನ ದೂರ ದೂರ ನಿಲ್ಲಲಿ ಎಂದು ಪಂಚಾಯತಿಯವರು ಸುಣ್ಣದ ಗೋಲ ಹಾಕಿಸಿದ್ದರು. ಗೋಲದಲ್ಲಿ ನಿಂತವರಿಗೆ ಹೊತ್ತು ಹೋಗದೆ ಸರದಿಗಾಗಿ ಜಗಳ. ಆಮ್ರಪಾಲಿ ಒಂದು ದಿನ ಚಾವಣಿಗೆ ಹೊದಿಸುವ ಹಳೆಯ ಪತ್ರಾಸಿನ ತಗಡಿಗೆ ಕರಿ ಬಣ್ಣ ಬಳಿದು ಗೋಡೆಗೆ ತೂಗುಹಾಕಿ, ಸೀಮೆಸುಣ್ಣದಿಂದ ಬರೆದಳು: "ಸಮುದ್ರದಾಗ ಆಕ್ಟೋಪಸ್ ಅಂತ ಒಂದು ಪ್ರಾಣಿ ಐತಿ. ಅದಕ್ಕ ಮೂರು ಹೃದಯ. ಯಾವುದರಿಂದ ಪ್ರೀತಿ ಮಾಡ್ತೈತಿ ಗೊತ್ತಿಲ್ಲ."

ಅಷ್ಟೇ. ಅಂದು ಜಗಳ ಆಗಲಿಲ್ಲವಂತೆ. ಗೋಲದಲ್ಲಿ ನಿಂತವರೆಲ್ಲ ಮೂರು ಹೃದಯದ ಮೇಲೆ ಮಾತಾಡಿದರಂತೆ. ಶಂಕ್ರವ್ವ ಎಂಬ ಮುದುಕಿ, "ನಮಗ ಒಂದರ ಕಾಟನಾ ಸಾಕಾಗೇತಿ," ಅಂದಳಂತೆ. ಆಮ್ರಪಾಲಿ ಅದನ್ನೂ ಮಾರನೆಯ ದಿನ ತಗಡಿನ ಮೂಲೆಯಲ್ಲಿ ಬರೆದಿದ್ದಳು.

ಅಂದಿನಿಂದ ದಿನಕ್ಕೊಂದು. ಬೆಳಿಗ್ಗೆ ಗಿರಣಿಯ ಬೆಲ್ಟು ಹಾಕುವ ಮುಂಚೆ ಆಕೆ ಫೋನಿನಲ್ಲಿ ಏನೇನೋ ಹುಡುಕುತ್ತಾಳೆ. ಎಲ್ಲಿಯದೋ ವಿಡಿಯೋ, ಯಾರದೋ ಬರಹ, ಯಾವ ದೇಶದ್ದೋ ಫೋಟೋ. ಶುಕ್ರ ಗ್ರಹದಲ್ಲಿ ಒಂದು ವರ್ಷಕ್ಕಿಂತ ಒಂದು ದಿನ ದೊಡ್ಡದು ಎಂದು ಬರೆದ ದಿನ, ಹಂಗಾದರೆ ಅಲ್ಲಿ ಪಗಾರ ಹೇಗೆ ಕೊಡುತ್ತಾರೆ ಎಂದು ಊರೆಲ್ಲ ಚರ್ಚೆ. ಆಸ್ಟ್ರೇಲಿಯಾದ ಒಂದು ಪ್ರಾಣಿ ಚೌಕಾಕಾರದ ಹಿಕ್ಕೆ ಹಾಕುತ್ತದೆ ಎಂದು ಬರೆದ ದಿನ ಮೂಡಲಗಿಯಿಂದ ಬಂದ ಬೀಗರನ್ನು ಕೂಡ ಕರೆತಂದು ಓದಿಸಿದರು. ನನ್ನ ಮೆಟ್ಟಿಲ ಮೇಲೆ ಮಾತ್ರ ನಾಯಿ ಮಲಗಿರುತ್ತಿತ್ತು.

ನಾನೇನು ಸುಮ್ಮನಿರಲಿಲ್ಲ. ವಾಟ್ಸಾಪಿನಲ್ಲಿ 'ಜ್ಞಾನಗಂಗೆ' ಎಂದು ಗುಂಪು ಕಟ್ಟಿದೆ. ದಿನಕ್ಕೆ ಇಪ್ಪತ್ತು ಸಾಮಾನ್ಯ ಜ್ಞಾನ ಕಳಿಸಿದೆ. ತಿಂಗಳೊಳಗೆ ನೂರಾ ಹನ್ನೆರಡು ಜನರಲ್ಲಿ ಒಂಬತ್ತು ಜನ ಉಳಿದರು, ಅವರಲ್ಲಿ ನಾಲ್ವರು ಫೋನು ಕಳೆದುಕೊಂಡವರು. ಗ್ರಂಥಾಲಯದ ಮುಂದೆ ಹಸಿರು ಹಲಗೆ ನಿಲ್ಲಿಸಿ ದೇಶಗಳು ಮತ್ತು ರಾಜಧಾನಿಗಳು ಎಂದು ಬರೆದೆ. ಒಂದು ಆಡು ಮೈ ಉಜ್ಜಿ ಅರ್ಧ ಅಳಿಸಿಹಾಕಿತು. ಅರ್ಧ ಅಳಿಸಿದ ಹಲಗೆ ಎಂಟು ದಿನ ಹಾಗೇ ಇತ್ತು, ಒಬ್ಬನೂ ಕೇಳಲಿಲ್ಲ.

ಮನೆಯಲ್ಲಿ ಹೇಳಿಕೊಂಡರೆ ಪೂನಮ್ ಅನ್ನುತ್ತಿದ್ದಳು, "ನೀವು ಪರೀಕ್ಷಾ ತಗೊಂಡಂಗ ಬರೀತೀರಿ. ಆಕಿ ಬಾಜೂ ಮನ್ಯಾಕಿಗೆ ಹೇಳಿದಂಗ ಬರೀತಾಳ." ಇವಳಂತೂ ಮೊದಲು ಹತ್ತು ಕಿಲೋ ಜೋಳ ಒಮ್ಮೆಲೇ ಬೀಸಿಸುತ್ತಿದ್ದವಳು, ಈಗ ಎರಡೆರಡು ಕಿಲೋ ಒಯ್ಯಲು ಸುರು ಮಾಡಿದ್ದಳು, ವಾರಕ್ಕೆ ಮೂರು ಸಲ ಹೋಗಬಹುದಲ್ಲ. ಸಂಜೆ ನನಗೆ ರೊಟ್ಟಿ ಬಡಿಸುತ್ತ ಅಂದಿನ ಸುದ್ದಿ ಹೇಳುತ್ತಿದ್ದಳು. ಅದೆಲ್ಲ ನನಗೆ ಗೊತ್ತೇ ಇತ್ತು, ಎಷ್ಟೋ ವರ್ಷದ ಹಿಂದೆಯೇ ಓದಿದ್ದೆ. ಆದರೆ ನಾನು ಓದಿ ಮರೆತದ್ದನ್ನು ಆಕೆ ಓದಿ ಬೆರಗಾಗುತ್ತಿದ್ದಳು. ಬೆರಗಾಗುವುದು ನನಗೆ ಯಾವಾಗ ನಿಂತಿತೋ ನೆನಪಿಲ್ಲ, ಅದಕ್ಕೇ ಇನ್ನಷ್ಟು ಉರಿ.

ಆಕೆಯ ಪದ್ಧತಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಇಂಟರ್ನೆಟ್ಟಿನಲ್ಲಿ ಸಿಕ್ಕದ್ದನ್ನು ಆಕೆ ಹಾಗೇ ಎತ್ತಿ ಬರೆಯುತ್ತಿರಲಿಲ್ಲ. ಆ ವಿಷಯ ಬಲ್ಲವರು ಸುತ್ತಮುತ್ತ ಯಾರಿದ್ದಾರೋ ಅವರನ್ನು ಕೇಳಬೇಕು. ಅವರು ಹೂಂ ಅಂದರೆ ಮಾತ್ರ ತಗಡಿಗೆ. ಕೆಳಗೆ ಅವರ ಹೆಸರು: "ಖಾತ್ರಿ ಮಾಡಿದವರು ಇಂಥವರು." ಹಿಮಾಲಯ ದಾಟಿ ಹಾರಿ ಬರುವ ಪಟ್ಟೆ ತಲೆಯ ಹೆಬ್ಬಾತಿನ ಸುದ್ದಿ ಸಿಕ್ಕಾಗ ಹಿಡಕಲ್ ಡ್ಯಾಮಿನಲ್ಲಿ ಮೀನು ಹಿಡಿಯುವ ಭೀಮೇಶನಿಗೆ ಫೋಟೋ ಕಳಿಸಿ, "ಇದನ್ನ ನೋಡೀಯೇನು?" ಎಂದು ಕೇಳಿದ್ದಳು. ಕುರಿಗಳು ಒಮ್ಮೆ ನೋಡಿದ ಮುಖವನ್ನು ಎರಡು ವರ್ಷ ಮರೆಯುವುದಿಲ್ಲ ಎಂದು ಎಲ್ಲೋ ಓದಿದಾಗ ಹೊಳೆಪ್ಪ ಕಾಕಾನನ್ನು ಕೇಳಿದಳು. ಹೊಳೆಪ್ಪ ನಮ್ಮೂರ ಕುರುಬರಲ್ಲಿ ಹಿರಿಯ, ಒಂದು ಕಾಲಕ್ಕೆ ಕಂಬಳಿ ನೇಯ್ಗೆಯಲ್ಲಿ ಗೋಕಾಕ, ಹುಕ್ಕೇರಿ, ಮೂಡಲಗಿ ಮೂರೂ ಕಡೆ ಹೆಸರಾದವನು. "ಎರಡು ವರ್ಷ ಏನ್ ಬಂತವಾ," ಅಂದನಂತೆ, "ಮೊನ್ನಿ ಸಂತ್ಯಾಗ ನಾ ಮಾರಿದ್ದ ಕುರಿ ನನ್ನ ನೋಡಿ ಮೊಕಾ ತಿರಗಸ್ತು."

ತಗಡಿನ ಮೇಲೆ ಹೆಸರು ಬಂದವರು ಅಂದು ಊರಲ್ಲಿ ಎದೆ ಉಬ್ಬಿಸಿ ತಿರುಗುತ್ತಿದ್ದರು. ಐದು ವರ್ಷದಲ್ಲಿ ಯಾರ ಯಾರ ಹೆಸರೋ ಬಂತು. ಪಂಚರ್ ಹಾಕುವ ಶಿವಕುಮಾರನ ಹೆಸರು ಎರಡು ಸಲ ಬಂತು. ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಇಪ್ಪತ್ತು ಹೆಜ್ಜೆಯಲ್ಲಿ ಗ್ರಂಥಾಲಯ ಇದೆ, ಅದರಲ್ಲಿ ಬಿಎ ಓದಿದವನೊಬ್ಬ ಕೂತಿದ್ದಾನೆ, ಅವನನ್ನು ಏನಾದರೂ ಕೇಳೋಣ ಎಂದು ಆ ಹೆಂಗಸಿಗೆ ಅನಿಸಲೇ ಇಲ್ಲ. ನನ್ನನ್ನು ಯಾರಾದರೂ ಏನಾದರೂ ಕೇಳಲಿ, ಅಷ್ಟೇ ನನಗೆ ಬೇಕಾಗಿದ್ದದ್ದು.

ಕಳೆದ ದೀಪಾವಳಿಯ ಮುಂಚೆ ಮೇಲಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ನನ್ನ ಕಪಾಟು ನೋಡಲು ಐದು ನಿಮಿಷ. ಆಮೇಲೆ ಕಿಟಕಿಯಿಂದ ಗಿರಣಿಯ ಮುಂದಿನ ಗುಂಪು ಕಂಡು ರಸ್ತೆ ದಾಟಿದರು. ಅರ್ಧ ತಾಸು ಅಲ್ಲಿ ನಿಂತು, ತಗಡಿನ ಫೋಟೋ ತೆಗೆದು, ಆಮ್ರಪಾಲಿ ಕೊಟ್ಟ ಚಹಾ ಕುಡಿದು ಬಂದು ನನಗೆ ಅಂದರು: "ನೀವೂ ಇಂಥದ್ದೇನಾದರೂ ಮಾಡಿ, ಅಜಿತ."

ಅಂದು ಮನಸ್ಸು ಕೆಟ್ಟಿತು. ಆಕೆಯ ತಗಡಿನ ಮೇಲೆ ಒಂದು ಹಸಿ ಸುಳ್ಳು ಬರೆಸಬೇಕು, ಊರೆಲ್ಲ ಅದನ್ನು ನಂಬಿದ ಮೇಲೆ ನಾನು ರಸ್ತೆ ದಾಟಿ ಹೋಗಿ ಎಲ್ಲರೆದುರು, "ಇದು ಸುಳ್ಳು, ಇಲ್ಲಿದೆ ಪುರಾವೆ," ಎನ್ನಬೇಕು. ಓದಿದವನು ಯಾರು, ಹಿಟ್ಟು ಬೀಸುವವಳು ಯಾರು ಎಂದು ಒಮ್ಮೆ ಗೊತ್ತಾಗಲಿ.

ಮೂರು ತಾಸು ಕೂತು ಸುಳ್ಳು ಕಟ್ಟಿದೆ. ಚಂದದ ಸುಳ್ಳು. ಇಂಟರ್ನೆಟ್ಟಿನಲ್ಲಿ ಯಾವುದೋ ದೇಶದ ಕರಿ ಉಣ್ಣೆಯ ಹೊದಿಕೆಯ ಫೋಟೋ ಸಿಕ್ಕಿತು, ಅಂಚಿನಲ್ಲಿ ಮೂರು ಬಿಳಿ ಗೆರೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದೆ: ಸಾವಿರದ ಎಂಟುನೂರ ಅರವತ್ತರಲ್ಲಿ ಒಬ್ಬ ಸಾಹೇಬ ಗೋಕಾಕದ ಜಲಪಾತ ನೋಡಲು ಬಂದು ಜ್ವರ ಹಿಡಿದು ಮಲಗಿದ, ನಮ್ಮೂರಿನ ಒಬ್ಬ ಕುರುಬ ತಾನು ನೇಯ್ದ ಕಂಬಳಿ ಹೊದಿಸಿ ಉಳಿಸಿದ, ಸಾಹೇಬ ಅದನ್ನು ಊರಿಗೆ ಒಯ್ದ, ಈಗ ಅದು ಸ್ಕಾಟ್ಲೆಂಡಿನ ಒಂದು ವಸ್ತುಸಂಗ್ರಹಾಲಯದಲ್ಲಿದೆ. ನಮ್ಮೂರ ಹೆಸರನ್ನು ಸಾಹೇಬರು ಬರೆಯುವಂತೆ ಸ್ವಲ್ಪ ಕೆಡಿಸಿ ಬರೆದೆ. ಗ್ರಂಥಾಲಯದ ಟ್ಯಾಬಿಗೆ ಕೊಟ್ಟಿದ್ದ ಸಿಮ್ಮಿನ ನಂಬರು ಯಾರಿಗೂ ಗೊತ್ತಿರಲಿಲ್ಲ. ಅದರಿಂದ ಆಮ್ರಪಾಲಿಗೆ ಕಳಿಸಿದೆ.

ಮಾರನೆಯ ದಿನ ತಗಡಿನ ಮೇಲೆ ಕಂಬಳಿ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ನಾಯಿ ಮೆಟ್ಟಿಲಿನಿಂದ ಎದ್ದು ದಾರಿ ಬಿಟ್ಟಿತು. ನೋಡಿದರೆ ಆಮ್ರಪಾಲಿ! ಹುಬ್ಬಿಗೆಲ್ಲ ಹಿಟ್ಟು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದುಕೊಂಡೆ.

"ಅಜಿತಣ್ಣ, ಇದೊಂದು ಓದಿ ಹೇಳ್ರಿ," ಎಂದು ಫೋನು ಮುಂದೆ ಹಿಡಿದಳು. "ಫೋನಿನ್ಯಾಗ ಕನ್ನಡ ಮಾಡಿ ನೋಡೇನಿ. ಆದ್ರ ಫೋನು ಹೇಳಿದ್ದನ್ನ ಫೋನಿಗೇ ಕೇಳಿದ್ರ ಏನ್ ಬಂತ್ರಿ? ಇಂಗ್ಲಿಷು ಬಲ್ಲವರು, ಹಳೇದು ಬಲ್ಲವರು ಅಂದ್ರ ನೀವಾ. ಇದು ಖರೆ ಐತೇನ್ರಿ?"

"ಇಷ್ಟು ದಿನ ನನ್ನ ಕೇಳಾಕ ಬರಲಿಲ್ಲಲ್ಲ," ಅಂದೆ. ತಡೆಯಲಾಗಲಿಲ್ಲ.

ಆಕೆ ನೆಲ ನೋಡಿದಳು. "ನಿಮ್ಮನ್ನ ಕೇಳಾಕ ಅಂಜಿಕಿ ಬರ್ತೈತ್ರಿ. ಸಾಲ್ಯಾಗ ನೀವು ಮೊದಲನೇ ನಂಬರು. ಇಷ್ಟೂ ಗೊತ್ತಿಲ್ಲೇನು ಅಂದ್ರ ಅಂತ."

ಆ ಗಳಿಗೆಯಲ್ಲಿ "ಸುಳ್ಳು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಎಂದರೆ ಆಕೆ ಎದ್ದು ಹೋಗುತ್ತಾಳೆ, ತಗಡಿನ ಮೇಲೆ ಏನೂ ಬರುವುದಿಲ್ಲ. ಖರೆ ಎಂದರೆ ನಾಳೆ ಊರಿನೆದುರು ನನ್ನ ಹೆಸರು. ಆಕೆಗೆ ಮುಖಭಂಗ ಮಾಡಬೇಕೆಂದು ಹೊರಟವನಿಗೆ ಆ ಹೊತ್ತಿಗೆ ಹೆಸರಿನ ಆಸೆಯೇ ದೊಡ್ಡದಾಯಿತು. ಕನ್ನಡಕ ಹಾಕಿಕೊಂಡು, ನಾನೇ ಬರೆದದ್ದನ್ನು ಎರಡು ಸಲ ಓದಿ, ಗಂಟಲು ಸರಿಮಾಡಿಕೊಂಡು ಅಂದೆ: "ಖರೆ ಐತಿ."

ಮರುದಿನ ತಗಡಿನ ಕೆಳಗಿನ ಸಾಲು ಓದಲು ನಾನೇ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿದ್ದೆ. "ಖಾತ್ರಿ ಮಾಡಿದವರು: ಗ್ರಂಥಾಲಯದ ಅಜಿತ ಸರ್." ಆಕೆಯ ಅಕ್ಷರ ಗುಂಡಗೆ, ಚಂದ.

ಅಂದು ನನ್ನ ಗ್ರಂಥಾಲಯದಲ್ಲಿ ಕುರ್ಚಿ ಸಾಲಲಿಲ್ಲ. ಎಲ್ಲರಿಗಿಂತ ಮೊದಲು ಬಂದವನು ಹೊಳೆಪ್ಪ ಕಾಕಾ. ಟ್ಯಾಬಿನಲ್ಲಿ ಫೋಟೋ ದೊಡ್ಡದು ಮಾಡಿ ತೋರಿಸಿದೆ. ಮುದುಕ ಅಂಚಿನ ಮೇಲೆ ಬೆರಳಿಟ್ಟು ಗೆರೆ ಎಣಿಸಿದ.

"ಮೂರು ಬಿಳಿ ಗೆರಿ!" ಅಂದ. "ಇದು ನಮ್ಮ ಮನಿ ಗೆರಿ ಐತ್ರೋ. ನಮ್ಮಪ್ಪ ಹಾಕ್ತಿದ್ದ, ಮುತ್ಯಾ ಹಾಕ್ತಿದ್ದ, ಮುತ್ಯಾನ ಮುತ್ಯಾನೂ ಹಾಕ್ತಿದ್ದ. ಬ್ಯಾರೆ ಮನಿಯವರು ಎರಡಾ ಹಾಕ್ತಾರ. ಇದು ಆ ಮುತ್ಯಾನ ಕಂಬಳಿ."

ಕುರುಬರಲ್ಲಿ ಒಂದೊಂದು ಮನೆಗೆ ಒಂದೊಂದು ಅಂಚು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಸಾವಿರ ಪುಸ್ತಕದ ಮಧ್ಯೆ ಕೂತವನಿಗೆ ಊರಿನ ಕಂಬಳಿಯ ಅಂಚು ಗೊತ್ತಿರಲಿಲ್ಲ. ಆಮ್ರಪಾಲಿ ಕೇಳಬೇಕಾದದ್ದು ನನ್ನನ್ನಲ್ಲ, ಇವನನ್ನು ಎಂದು ಆಗಲೇ ಅನಿಸಿತು. ಆದರೆ ಕೇಳಿದ್ದರೆ ಇವನೂ ಖರೆ ಎಂದೇ ಹೇಳುತ್ತಿದ್ದ!

ಹೊಳೆಪ್ಪ ಮಗ್ಗ ಬಿಟ್ಟು ನಾಲ್ಕು ವರ್ಷವಾಗಿತ್ತು. ಕರಿ ಉಣ್ಣೆ ಕೇಳುವವರಿಲ್ಲ, ಬಣ್ಣಬಣ್ಣದ ರಗ್ಗುಗಳು ಬಂದಿವೆ. ಮಗ್ಗದ ಗುಣಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು. ಅಂದು ಮಧ್ಯಾಹ್ನವೇ ಕೋಳಿ ಓಡಿಸಿ ಗುಣಿ ಸಾರಿಸಿದ. ಇನ್ನೊಂದು ಕಂಬಳಿ ನೇಯ್ದು ಮುತ್ಯಾನ ಕಂಬಳಿಯ ಬಾಜೂ ಇಡಲಿಕ್ಕೆ ಸ್ಕಾಟ್ಲೆಂಡಿಗೆ ಕಳಿಸುತ್ತೇನೆ ಎಂದು ಊರಿಗೆಲ್ಲ ಹೇಳಿದ. ಅವನ ಹೆಂಡತಿ ರಾಮವ್ವ ಅಟ್ಟದಿಂದ ರಾಟಿ ಇಳಿಸಿ ನೂಲಲು ಕೂತಳು. ಕುರಿಯ ತುಪ್ಪಳ ಕತ್ತರಿಸಿದವರು ಒಳ್ಳೆಯ ಉಣ್ಣೆ ಆರಿಸಿ ತಂದು ಕೊಟ್ಟರು. ಹುಣಸೆ ಬೀಜ ಬೀಸಿ ಗಂಜಿ ಕಾಯಿಸಿ ನೂಲಿಗೆ ಹಚ್ಚುವಾಗ ಅದರ ವಾಸನೆ ನನ್ನ ಕುರ್ಚಿಯವರೆಗೂ ಬರುತ್ತಿತ್ತು. ಆ ಬೀಜ ಬೀಸಿ ಕೊಟ್ಟವಳೂ ಆಮ್ರಪಾಲಿಯೇ.

ಐದು ವಾರ. ನನಗೆ ಭಯವಿತ್ತೇ ಎಂದರೆ ಇತ್ತು. ಮಗ್ಗದ ಸದ್ದು ಕೇಳಿದಾಗೆಲ್ಲ ಕಿಟಕಿ ಮುಚ್ಚುತ್ತಿದ್ದೆ. ಆದರೆ ಭಯಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಜನ ಬಂದು ನನ್ನ ಬಾಯಿಂದ ಕತೆ ಕೇಳುತ್ತಿದ್ದರು, ಸಾಹೇಬನ ಜ್ವರ ಎಷ್ಟು ದಿನವಿತ್ತು ಎಂದು ಕೇಳಿದರೆ ನಾನು ಹನ್ನೊಂದು ದಿನ ಎನ್ನುತ್ತಿದ್ದೆ. ಎಲ್ಲ ಕೇಳಿ ಎದ್ದು ಹೋಗುವಾಗ ಅನ್ನುತ್ತಿದ್ದರು, "ಆಮ್ರಪಾಲಿ ಎಂಥಾದ್ದು ಹುಡುಕಿ ತಂದ್ಲು ನೋಡ್ರಿ!" ಆಮ್ರಪಾಲಿ! ಸಾಹೇಬನನ್ನು ಹುಟ್ಟಿಸಿದವನು ನಾನು, ಜ್ವರ ಬರಿಸಿದವನು ನಾನು, ಕಂಬಳಿ ಹೊದಿಸಿದವನು ನಾನು. ಊರಿನ ಇತಿಹಾಸದಲ್ಲಿ ಇಷ್ಟು ಚಂದದ ಕತೆಯನ್ನು ಯಾರೂ ಕಟ್ಟಿರಲಿಲ್ಲ. ಹೆಸರು ಮಾತ್ರ ಆಕೆಗೆ. ನನ್ನ ಸುಳ್ಳಿನ ಮೇಲೆಯೂ ಆಕೆ ಕೂತಿದ್ದಳು. ಪೂನಮ್ ಒಂದು ಸಂಜೆ, "ನಿಮ್ಮ ಹೆಸರೂ ಬಂತಲ್ಲ, ಇನ್ನರ ಖುಷಿ ಆಗ್ರಿ," ಅಂದಾಗ ತಾಟು ಸರಿಸಿ ಎದ್ದೆ.

ಕಂಬಳಿ ಮಗ್ಗದಿಂದ ಇಳಿದದ್ದು ಒಂದು ಸೋಮವಾರ. ಹೊಸ ಕಂಬಳಿಯನ್ನು ಮೊದಲು ನೆಲಕ್ಕೆ ಹಾಸಿ, ಭಂಡಾರದ ಅರಿಶಿನ ಹಚ್ಚಿ, ತಾವು ದೊಡ್ಡವರೆಂದು ತಿಳಿದ ಒಬ್ಬರನ್ನು ಅದರ ಮೇಲೆ ಕೂರಿಸುವುದು ಹೊಳೆಪ್ಪನ ಮನೆತನದ ಪದ್ಧತಿ. ಅದರ ಮೇಲೆ ಕೂತು ಆಡಿದ ಮಾತಿಗೆ ಎರಡಿಲ್ಲ ಎಂದು ಅವರ ನಂಬಿಕೆ. ಎಲ್ಲರಿಗೂ ಕಾಣಲಿ ಎಂದು ಗಿರಣಿಯ ಮುಂದಿನ ಬಯಲಿನಲ್ಲಿ ಹಾಸಿದರು. ಕೂರಲು ನನ್ನನ್ನು ಕರೆದರು. ನನ್ನನ್ನು! ಸಂಗ್ರಹಾಲಯದವರಿಗೆ ನಾನೇ ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಓದಿ, ಕನ್ನಡದಲ್ಲಿ ಹೇಳಬೇಕೆಂದು.

ಕೂತೆ. ಹೊಸ ಉಣ್ಣೆ ತೊಡೆಗೆ ಚುಚ್ಚುತ್ತಿತ್ತು. ಕಾಗದ ಬಿಚ್ಚುವಷ್ಟರಲ್ಲಿ ಆಮ್ರಪಾಲಿ ಗಿರಣಿ ನಿಲ್ಲಿಸಿ ಹೊರಗೆ ಬಂದಳು. ಬೆಲ್ಟಿನ ಸದ್ದು ನಿಂತದ್ದಕ್ಕೇ ಎಲ್ಲರೂ ತಿರುಗಿ ನೋಡಿದರು. ಕೈಯಲ್ಲಿ ಫೋನು.

"ಹೊಳೆಪ್ಪ ಕಾಕಾ," ಅಂದಳು, "ಕಾಗದ ಕಳಸೂದು ಬ್ಯಾಡ. ನಾ ತಗಡಿನ ಮ್ಯಾಲೆ ಬರದದ್ದು ಸುಳ್ಳು."

ಕಂಬಳಿಯನ್ನು ಯಾವ ವಿಳಾಸಕ್ಕೆ ಕಳಿಸಬೇಕು ಎಂದು ತಿಳಿಯಲು ಆಕೆ ಆ ದೇಶದ ಸಂಗ್ರಹಾಲಯಗಳನ್ನೆಲ್ಲ ಫೋನಿನಲ್ಲಿ ಹುಡುಕಿ, ಒಂದೊಂದಕ್ಕೂ ಬರೆದು ಕೇಳಿದ್ದಳಂತೆ. ಹದಿನಾಲ್ಕು ಕಡೆಯಿಂದ ಉತ್ತರ ಬಂದಿತ್ತು. ಯಾರ ಹತ್ತಿರವೂ ಆ ಕಂಬಳಿ ಇಲ್ಲ. ಕೊನೆಯ ಉತ್ತರ ಅಂದು ಬೆಳಿಗ್ಗೆ ಬಂದಿತ್ತು, ಆ ಫೋಟೋ ಬೇರೆ ದೇಶದ್ದೆಂದು ಅವರೇ ಗುರುತು ಹಿಡಿದು ತಿಳಿಸಿದ್ದರು.

"ಯಾರೋ ನಂಗ ಕಳಿಸಿದ್ರು. ನಾ ನಂಬಿದ್ನಿ. ಅಜಿತಣ್ಣನ ಕೇಳಿದ್ನಿ, ಪಾಪ, ಅವರೂ ನನ್ನಂಗ ಮೋಸ ಹೋಗ್ಯಾರ. ಅವರದೇನೂ ತಪ್ಪಿಲ್ಲ, ಅವರ ಹೆಸರು ಬರದಾಕೀನೂ ನಾನಾ. ಊರಿಗೆ ಸುಳ್ಳು ಹೇಳಿದಾಕಿ ನಾನು, ಕಾಕಾ. ನಿಮ್ಮ ಕೈಲೆ ದುಡಿಸಿದಾಕಿ ನಾನು." ಅಷ್ಟು ಹೇಳಿ ಎಲ್ಲರೆದುರು ಅತ್ತಳು. ಹಿಟ್ಟಿನ ಮುಖದ ಮೇಲೆ ಕಣ್ಣೀರು ಇಳಿಯಿತು.

ರಾಮವ್ವ ಮುಂದೆ ಬಂದು ಆಕೆಯ ತಲೆಯ ಮೇಲೆ ಕೈಯಿಟ್ಟಳು. "ಅಳಬ್ಯಾಡವಾ. ನಾಕು ವರ್ಷದ ಮ್ಯಾಲೆ ನಮ್ಮ ಮಗ್ಗ ಆಡಿತು. ನಿನ್ನಿಂದನಾ ಆಡಿತು."

"ಎಷ್ಟು ದೊಡ್ಡ ಮನಸು ನೋಡ್ರಿ, ತಾನಾ ಹೇಳಿದ್ಲು," ಎಂದು ಶಂಕ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜನ ಆಮ್ರಪಾಲಿಯ ಸುತ್ತ ಗುಂಪುಗೂಡಿದರು. ಅಲ್ಲಿ ನನ್ನ ಪೂನಮ್ ಕೂಡ ಇದ್ದಳು.

ನಾನು ಬಚಾವಾಗಿದ್ದೆ. ಕಂಬಳಿಯ ಮೇಲೆ ಒಬ್ಬನೇ ಕೂತಿದ್ದೆ, ನನ್ನ ಮೇಲೆ ಸಂಶಯದ ಒಂದು ಕಣ್ಣೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಎದ್ದು ಹೋಗಿದ್ದರೆ ಇಂದಿಗೂ ನಾನು ಮೋಸಹೋದ ಪಾಪದ ಅಜಿತ ಸರ್ ಆಗಿರುತ್ತಿದ್ದೆ. ಪಶ್ಚಾತ್ತಾಪದಿಂದ ಬಾಯಿ ಬಿಟ್ಟೆ ಎಂದು ಕೆಲವರು ಈಗ ಹೇಳುತ್ತಾರೆ. ಅದು ಖರೆಯಲ್ಲ. ಸುಳ್ಳು ಕಟ್ಟಿದವನು ನಾನು. ಆ ಸುಳ್ಳಿಗೂ ಊರು ಆಕೆಯನ್ನೇ ಸುತ್ತುವರಿದು ನಿಂತಿತ್ತು, ಆಕೆಯ ತಲೆಯನ್ನೇ ಸವರುತ್ತಿತ್ತು. ನನ್ನ ಪಾಪವನ್ನೂ ಬಿಡಲಿಲ್ಲವಲ್ಲ ಈಕೆ ಎಂದು ಹೊಟ್ಟೆಯಲ್ಲಿ ಬೆಂಕಿ ಬಿತ್ತು.

"ಅದು ಆಕಿದಲ್ಲ!" ಎಂದು ಕೂಗಿದೆ. "ಆ ಸುಳ್ಳು ನಂದು! ನಾ ಕಟ್ಟಿದ್ದು. ಟ್ಯಾಬಿನಿಂದ ಆಕಿಗೆ ಕಳಿಸಿದಾವ ನಾನು. ಆಕಿ ಏನೂ ಮಾಡಿಲ್ಲ, ಎಲ್ಲಾ ನಂದು!"

ಊರೆಲ್ಲ ನನ್ನ ಕಡೆ ತಿರುಗಿತು. ಆ ಒಂದು ಗಳಿಗೆ ನನಗೆ ಸುಖವಾಯಿತು. ಇದನ್ನೂ ಮುಚ್ಚಿಡುವುದಿಲ್ಲ.

ಹೊಳೆಪ್ಪ ನನ್ನೆದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತ. ಸಿಟ್ಟಿರಲಿಲ್ಲ, ಏನೋ ಕಳೆದುಕೊಂಡು ಹುಡುಕುವವನ ಮುಖ. "ಹಂಗಾರ ನಮ್ಮ ಮುತ್ಯಾನ ಕಂಬಳಿ ಅಲ್ಲಿ ಇಲ್ಲೇನು?"

"ಇಲ್ಲ ಕಾಕಾ."

"ಬ್ಯಾರೆ ಎಲ್ಲೆರ ಐತೇನು?"

"ಎಲ್ಲೂ ಇಲ್ಲ ಕಾಕಾ."

ಮುದುಕ ಕಂಬಳಿಯ ಅಂಚಿಗೆ ಕೈ ಹಾಕಿದ. ಆಮೇಲೆ ಮೆಲ್ಲಗೆ ಅಂದ: "ಏಳು."

ಎದ್ದೆ. ಅವನು ಕಂಬಳಿ ಎತ್ತಿ, ನಾನು ಕೂತಿದ್ದ ಜಾಗವನ್ನು ಎರಡು ಸಲ ಕೊಡವಿ, ಮಡಚಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ರಾಮವ್ವ ಹಿಂದೆ ಹೋದಳು. ಜನ ಒಬ್ಬೊಬ್ಬರಾಗಿ ತಮ್ಮ ಡಬ್ಬಿ ಎತ್ತಿಕೊಂಡರು. ಪೂನಮ್ ನನ್ನ ಕಡೆ ನೋಡದೆ ಹೋದಳು. ಕೊನೆಗೆ ಬಯಲಿನಲ್ಲಿ ನಾನು ಮತ್ತು ಆಮ್ರಪಾಲಿ ಇಬ್ಬರೇ.

ಆಕೆ ಬೈಯಲಿ ಎಂದು ಕಾದೆ. ಬೈದಿದ್ದರೆ ಚಲೋ ಇತ್ತು. ಆಕೆ ಮುಖ ಒರೆಸಿಕೊಂಡು, ಹುಬ್ಬು ಗಂಟು ಹಾಕಿ, ಲೆಕ್ಕ ತಿಳಿಯದ ಹುಡುಗಿಯಂತೆ ನನ್ನನ್ನು ನೋಡಿದಳು.

"ಸಾಹೇಬ, ಜ್ವರಾ, ಕಂಬಳಿ, ಎಲ್ಲಾ ನೀವಾ ಕಟ್ಟಿದ್ರೇನ್ರಿ?"

"ಹೂಂ."

"ಅಷ್ಟು ಚಂದ ಕಟ್ಟಿದ್ರಿ!" ಅಂದಳು. ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಬೆರಗಾಗಿದ್ದಳು. "'ಇದು ನಾ ಬರದ ಕತಿ' ಅಂತ ನೀವು ಕೊಟ್ಟಿದ್ರ ನಿಮ್ಮ ಹೆಸರಲೆ ತಗಡಿನ ತುಂಬ ಬರೀತಿದ್ನೆಲ್ರಿ, ಅಜಿತಣ್ಣ. ದಿನಾ ಬರೀತಿದ್ನಿ."

ಅಷ್ಟು ಹೇಳಿ ಒಳಗೆ ಹೋದಳು, ಗಿರಣಿ ಮತ್ತೆ ಸುರುವಾಯಿತು. ನಾನು ರಸ್ತೆ ದಾಟಿ ಬಂದು ಕುರ್ಚಿಯಲ್ಲಿ ಕೂತೆ.